ಕಫ ಹೊರತರಲು ತಟ್ಟುವುದೋ, ಊದುವುದೋ?

ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ತೀವ್ರ ನ್ಯುಮೋನಿಯಾಕ್ಕೆ ಚಿಕಿತ್ಸೆ ಪಡೆದ ನನ್ನ ತಂದೆಯವರ ಬಲ ಶ್ವಾಸಕೋಶದ ಕೆಳಭಾಗದಲ್ಲಿ, ಜ್ವರ ಇಳಿದ ಮೇಲೂ ಕಫ ಗಟ್ಟಿಯಾಗಿ ಉಳಿದಿತ್ತು. ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ವಿಧಾನಗಳನ್ನು ಮೊದಲು ವಾರ್ಡಿನಲ್ಲಿ, ಆಮೇಲೆ ಮನೆಯಲ್ಲಿ ಮೂರು ವಾರ ಮಾಡಿಸಿದವನು ನಾನು. ಇವು ಆಂಟಿಬಯೋಟಿಕ್‌ಗೆ ಬದಲಿಯಲ್ಲ. ವಯಸ್ಕರ ನ್ಯುಮೋನಿಯಾದಲ್ಲಿ ಇವುಗಳಿಂದ ಸಾವು ಕಡಿಮೆಯಾಗುತ್ತದೆಂದು ಹಲವು ವೈದ್ಯಕೀಯ ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ವಿಮರ್ಶೆಗಳಲ್ಲೂ ಕಂಡುಬಂದಿಲ್ಲ.

ಮೊದಲಿಗೆ ತಟ್ಟುವ ವಿಧಾನ. ರೋಗಿಯನ್ನು ಎಡಮಗ್ಗುಲಾಗಿ ಮಲಗಿಸಿ, ಕಫವಿರುವ ಬಲಭಾಗ ಮೇಲೆ ಬರುವಂತೆ ಮಾಡಿ, ಅಂಗೈಯನ್ನು ಬೊಗಸೆಯಂತೆ ಬಾಗಿಸಿ ಪಕ್ಕೆಲುಬುಗಳ ಮೇಲೆ ಒಂದೇ ಲಯದಲ್ಲಿ ತಟ್ಟಬೇಕು. ಬೆನ್ನುಮೂಳೆಯನ್ನೂ ಸೊಂಟದ ಭಾಗವನ್ನೂ ಮುಟ್ಟಬಾರದು. ಕೈ ಸರಿಯಿದ್ದರೆ ಟೊಳ್ಳು ಸದ್ದು ಬರುತ್ತದೆ. ಮೊದಲ ದಿನ ನನ್ನ ಅಂಗೈ ಚಪ್ಪಟೆಯಾಗಿ ಬಿದ್ದಾಗ ಅಪ್ಪ, "ತಮ್ಮಾ, ರೊಟ್ಟಿ ಬಡೀಲಿಕತ್ತಿ ಏನು?" ಎಂದು ನೋವಿನಲ್ಲೇ ನಕ್ಕರು. ಕೆಮ್ಮಲೂ ತ್ರಾಣವಿಲ್ಲದ ಆ ದಿನಗಳಲ್ಲಿ ರೋಗಿಯಿಂದ ಶ್ರಮ ಬೇಡದ ಈ ವಿಧಾನವೇ ಗತಿಯಾಗಿತ್ತು. ಆದರೆ ಊಟವಾಗಿ ಎರಡು ಗಂಟೆ ಕಳೆದಿರಬೇಕು, ಮೂಳೆ ಸವೆದವರಿಗೆ ಇದು ಸಲ್ಲದು. ಒಮ್ಮೆ ನಡುವೆಯೇ ಆಕ್ಸಿಮೀಟರ್‌ನಲ್ಲಿ ರಕ್ತದ ಆಮ್ಲಜನಕ ಶೇ. 89ಕ್ಕೆ ಇಳಿದುದರಿಂದ ತಕ್ಷಣ ನಿಲ್ಲಿಸಿ, ಅವರನ್ನು ಎಬ್ಬಿಸಿ ಕೂರಿಸಿ ನರ್ಸ್‌ರನ್ನು ಕರೆಯಬೇಕಾಯಿತು.

ಉಕ್ಕಿನ ಗುಂಡಿರುವ, ಊದಿದಾಗ ಎದೆಯೆಲ್ಲ ನಡುಗಿಸುವ ಪುಟ್ಟ ಸಾಧನವನ್ನೂ ತಂದೆವು. ಕಟ್ಟಿಸಿದ ಹಲ್ಲು ತೆಗೆದಿಟ್ಟಿದ್ದ ಅಪ್ಪನ ತುಟಿಗಳ ಸಂದಿಯಿಂದ ಗಾಳಿ ಸೋರುತ್ತಿತ್ತು. ಹಿಡಿದ ಕೋನ ತುಸು ಬದಲಾದರೂ ನಡುಕ ನಿಲ್ಲುತ್ತಿತ್ತು. ಹಲ್ಲು ಗಟ್ಟಿಯಿರುವವರಿಗೆ ಇದು ಒಗ್ಗೀತು. ಇನ್ನು ಮೂರು ಚೆಂಡುಗಳ ಸಾಧನವನ್ನು ವಾರ್ಡಿನಲ್ಲಿ ಅನೇಕರು ಊದುತ್ತಿದ್ದರು. ಅದು ಉಸಿರನ್ನು ಒಳಗೆಳೆಯಲಿಕ್ಕೆ ಇರುವುದು, ಕಫ ಕೀಳಲಿಕ್ಕಲ್ಲ.

ನನ್ನ ಒಲವು ಉಸಿರಿನ ಸರದಿಯ ಕಡೆಗೆ. ಕೆಲವು ಶಾಂತ ಉಸಿರು, ಮೂರು ನಾಲ್ಕು ಆಳವಾದ ಉಸಿರು, ಪ್ರತಿಯೊಂದರ ಕೊನೆಗೆ ಎರಡು ಮೂರು ಸೆಕೆಂಡು ತಡೆ, ಮತ್ತೆ ಶಾಂತ ಉಸಿರು; ಆಮೇಲೆ ಕನ್ನಡಕ ಒರೆಸುವ ಮುನ್ನ ಗಾಜಿಗೆ ಹಬೆ ಹಿಡಿಸುವಂತೆ, ಗಂಟಲು ತೆರೆದು "ಹಾ" ಎಂದು ರಭಸದಿಂದ ಒಂದೆರಡು ಬಾರಿ ಊದುವುದು. ಕಫ ಆಳದಲ್ಲಿದ್ದರೆ ಸಣ್ಣ ಉಸಿರೆಳೆದು ದೀರ್ಘವಾಗಿ, ಮೇಲೆ ಬಂದ ಮೇಲೆ ತುಂಬು ಉಸಿರೆಳೆದು ಚುಟುಕಾಗಿ ಊದಬೇಕು. ಕೆಮ್ಮಿದರೆ ಬರುತ್ತಿದ್ದ ಪಕ್ಕೆನೋವು ಇದರಲ್ಲಿ ಕಡಿಮೆ. ಎರಡನೆಯ ವಾರ, ಔಷಧಿಯನ್ನು ಮಂಜಿನಂತೆ ಉಸಿರಿಗೆ ಕೊಡುವ ಬೆಳಗಿನ ನೆಬ್ಯುಲೈಸರ್ ಮುಗಿದ ಮೇಲೆ ಅಪ್ಪ ಒಬ್ಬರೇ ಕುಳಿತು ನಾಲ್ಕು ಸರದಿ ಮುಗಿಸಿ, ಹಳದಿ ಕಫದ ಉಂಡೆಯನ್ನು ಬಟ್ಟಲಿಗೆ ಉಗುಳಿ, ನನ್ನನ್ನು ಕರೆದು ತೋರಿಸಿದರು.