ಹಳೇ ಗೋವಾ–ದಿವಾರ್ ಫೆರಿ: ಏಣಿ ಹೊತ್ತು ದಾಟುವವನ ಅನುಭವ

ನಾನು ಧಾರವಾಡದ ಕಡೆಯವನು. ಗೋವಾಕ್ಕೆ ಬಂದು ಆರು ವರ್ಷ ಆಯ್ತು, ಮನೆಗಳಿಗೆ ವೈರಿಂಗ್ ಮಾಡುವುದು ನನ್ನ ಕೆಲಸ. ವಾರದಲ್ಲಿ ಮೂರು ದಿನವಾದರೂ ದಿವಾರ್ ದ್ವೀಪಕ್ಕೆ ಹೋಗಬೇಕು. ಹೆಗಲ ಮೇಲೆ ಏಣಿ, ಕೈಯಲ್ಲಿ ಸಾಮಾನಿನ ಚೀಲ. ಊರಲ್ಲಿ ಸಿಟಿ ಬಸ್ಸು ಹತ್ತಿದಂತೆ ಇಲ್ಲಿ ಫೆರಿ ಹತ್ತುತ್ತೇನೆ. ಗೋವಾ ನೋಡಲು ಬರುವ ನಮ್ಮವರು ಬೀಚಿಗೆ ಹೋಗಿ ಹಾಗೇ ವಾಪಸ್ ಹೋಗುತ್ತಾರಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಹಳೇ ಗೋವಾದ ದೊಡ್ಡ ಚರ್ಚುಗಳನ್ನು ದಾಟಿ ಮಾಂಡವಿ ಹೊಳೆ ಕಡೆ ಇಳಿದರೆ ವೈಸ್‌ರಾಯ್ ಕಮಾನು ಸಿಗುತ್ತದೆ. ವಾಸ್ಕೋ ಡ ಗಾಮನ ನೆನಪಿಗೆ ಅವನ ಮರಿಮಗ ಕಟ್ಟಿಸಿದ್ದು, 1954ರಲ್ಲಿ ಮತ್ತೆ ಕಟ್ಟಿದರು. ಅದರ ಕೆಳಗೇ ಹಾದು ಹೋದರೆ ಫೆರಿ ಧಕ್ಕೆ. ನಡೆದು ಬರುವವರು ದುಡ್ಡು ಕೊಡಬೇಕಿಲ್ಲ.

ದೋಣಿ ದಡಕ್ಕೆ ತಾಗುವ ಆ ಒಂದು ನಿಮಿಷ ನೋಡಬೇಕು. ಮುಂದಿನ ಕಬ್ಬಿಣದ ಹಲಗೆ ಕಿರ್ರನೆ ಇಳಿದು ಇಳಿಜಾರಿನ ಕಾಂಕ್ರೀಟಿಗೆ ಬಡಿಯುತ್ತದೆ. ಹಲಗೆ ಪೂರ್ತಿ ಕೂರುವ ಮೊದಲೇ ಸ್ಕೂಟರಿನವರು ಗಾಡಿ ಶುರು ಮಾಡಿ ನಿಂತಿರುತ್ತಾರೆ. ಅವರ ನಡುವೆ ಪೊಯಿ ರೊಟ್ಟಿಯ ಬುಟ್ಟಿ ಕಟ್ಟಿದ ಸೈಕಲ್ಲು, ಮೀನಿನ ಬುಟ್ಟಿಯ ಹೆಂಗಸು, ಶಾಲೆ ಮಕ್ಕಳು. ಒಂದು ಕಂದು ನಾಯಿಯೂ ಇದೆ. ಬೆಳಿಗ್ಗೆ ಯಾರ ಜೊತೆಯೂ ಇಲ್ಲದೆ ಹತ್ತುತ್ತದೆ, ಎಡಗಡೆ ಕಂಬಿ ಪಕ್ಕ ಕೂರುತ್ತದೆ, ಆಚೆ ದಡದಲ್ಲಿ ಎಲ್ಲರಿಗಿಂತ ಮೊದಲು ಇಳಿಯುತ್ತದೆ. ನನ್ನ ಏಣಿ ಯಾರ ತಲೆಗೂ ತಾಗದ ಜಾಗ ಅದರ ಹಿಂದಿನದು. ಅಲ್ಲೇ ನಿಲ್ಲುತ್ತೇನೆ.

ಒಂದು ಎಚ್ಚರ. ನೀರು ಇಳಿದಾಗ ಧಕ್ಕೆಯ ಕಾಂಕ್ರೀಟಿನ ಮೇಲೆ ಹಸಿರು ಪಾಚಿ ತೆರೆದುಕೊಳ್ಳುತ್ತದೆ, ಜಾರುತ್ತದೆ. ನನ್ನ ಗೆಳೆಯ ಎಲ್ಲೋ ಬಾಡಿಗೆಗೆ ತಂದ ಸ್ಕೂಟರಿನ ಬ್ರೇಕ್ ಸಡಿಲ ಇತ್ತು. ಅವನು ಸರಿಯಾಗಿ ಇಲ್ಲೇ ಬಿದ್ದ, ಮೊಣಕಾಲು ಒಡೆಯಿತು. ಫೆರಿಯ ಹುಡುಗನೇ ಓಡಿ ಬಂದು ಗಾಡಿ ಎತ್ತಿ ಕೊಟ್ಟ. ಬಾಡಿಗೆ ಗಾಡಿ ತೆಗೆದುಕೊಳ್ಳುವ ಮುಂಚೆ ಬ್ರೇಕ್ ನೋಡಿಕೊಳ್ಳಿ. ಅದಕ್ಕಿಂತ ನಡೆದೇ ಬನ್ನಿ.

ಹೊಳೆ ದಾಟಲು ಐದಾರು ನಿಮಿಷ ಸಾಕು. ಅಷ್ಟರಲ್ಲೇ ಕಾಂಡ್ಲ ಗಿಡಗಳ ಬೇರಿನ ನಡುವೆ ಕೊಕ್ಕರೆ, ಮೇಲೆ ಹದ್ದು, ಹಿಂದೆ ತಿರುಗಿದರೆ ತೆಂಗಿನ ಮರಗಳ ಮೇಲೆ ಚರ್ಚಿನ ಬಿಳಿ ಗೋಪುರ. ಆಚೆ ಇಳಿದರೆ ಗದ್ದೆ ನಡುವಿನ ರಸ್ತೆ. ಉಪ್ಪು ನೀರು ಒಳಗೆ ನುಗ್ಗದಂತೆ ಬದು ಕಟ್ಟಿ ಭತ್ತ ಬೆಳೆಯುವ ಗದ್ದೆಗಳು ಇವು, ಇಲ್ಲಿಯವರು ಖಾಜನ್ ಅನ್ನುತ್ತಾರೆ. ಒಂದು ಕಾಲಕ್ಕೆ ಗೋವಾ ಕದಂಬರ ಮನೆದೇವರು ಸಪ್ತಕೋಟೇಶ್ವರ ಇದ್ದದ್ದು ಇದೇ ದಿವಾರ್‌ನಲ್ಲಿ. ಪೋರ್ಚುಗೀಸರು ಗುಡಿ ಕೆಡವಿದರು. ಹೊಳೆಯಾಚೆ ನಾರ್ವೆ ಅನ್ನುವ ಊರಲ್ಲಿ ಈಗಿರುವ ಗುಡಿಯನ್ನು 1668ರಲ್ಲಿ ಶಿವಾಜಿ ಜೀರ್ಣೋದ್ಧಾರ ಮಾಡಿಸಿದ್ದು. ಗೋವಾದ ಸರ್ಕಾರಿ ಬಸ್ಸಿನ ಮೇಲೆ ಕದಂಬ ಅಂತ ಬರೆದಿರುವುದು ಕಂಡಾಗೆಲ್ಲ ನನಗೆ ಈ ದ್ವೀಪ ನೆನಪಾಗುತ್ತದೆ.

ಹೋದ ದೀಪಾವಳಿಗೆ ಅವ್ವ ಬಂದಿದ್ದಳು. ಫೆರಿ ಹತ್ತಿಸಿ, ಮಾಂಡವಿ ಅಂದರೆ ನಮ್ಮ ಮಹದಾಯಿನೇ ಅಂತ ಹೇಳಿದೆ. ಅವಳು ನಂಬಲಿಲ್ಲ.

"ಖರೇನೂ ನಮ್ಮ ಮಹದಾಯಿನಾ ಇದು?"

"ಹೌದವ್ವ. ಖಾನಾಪುರದ ಕಾಡಿನಾಗ ಹುಟ್ಟಿ ಇಲ್ಲಿತನಕ ಬಂದಾಳ."

ಎಷ್ಟೋ ವರ್ಷದಿಂದ ನಮ್ಮ ಕಡೆ ಈ ನೀರಿಗಾಗಿ ಧರಣಿ, ಬಂದ್ ನಡೆದಿವೆ. ಅವ್ವ ಹೆಸರು ಕೇಳಿದ್ದಳೇ ಹೊರತು ಹೊಳೆ ಕಂಡಿರಲಿಲ್ಲ. ಸೆರಗಿನ ಗಂಟು ಬಿಚ್ಚಿ ಒಂದು ರೂಪಾಯಿ ತೆಗೆದು ನೀರಿಗೆ ಬಿಟ್ಟಳು. ಕಂಬಿ ಹಿಡಿದು ಕೈ ಮುಗಿದಳು. ಪಕ್ಕದಲ್ಲಿ ನಿಂತಿದ್ದ ಮೀನಿನ ಬುಟ್ಟಿಯ ಹೆಂಗಸು ಏನೂ ಕೇಳಲಿಲ್ಲ, ಅವ್ವನಿಗೆ ಜಾಗ ಆಗಲಿ ಅಂತ ಬುಟ್ಟಿ ಸರಿಸಿದಳು.

ದಿವಾರ್‌ನಲ್ಲಿ ಇಳಿದೆವು. ಚರ್ಚಿನ ಗುಡ್ಡ ತೋರಿಸೋಣ ಅಂತ ನಾನು ಮುಂದೆ ನಡೆದೆ. ಅವ್ವ ಧಕ್ಕೆಯಲ್ಲೇ ನಿಂತಿದ್ದಳು.

"ಗುಡ್ಡ ಆಮ್ಯಾಲೆ ನೋಡೂಣು. ಇನ್ನೊಮ್ಮೆ ಆ ಕಡೆ ಹೋಗಿ ಬರೂಣೇನು?"

ಅವತ್ತು ನಾಲ್ಕು ಸಲ ದಾಟಿದೆವು.