ಕೇಳಿಯೇ ಕ್ರಿಕೆಟ್ ಸವಿಯುವವರಿಗೆ ಎರಡು ಬ್ಯಾಂಡಿನ (ಎಫ್‌ಎಂ, ಮೀಡಿಯಂ ವೇವ್) ಪಾಕೆಟ್ ರೇಡಿಯೊ: ನಾಲ್ಕು ವರ್ಷ ಬಳಸಿದ ಮೇಲೆ

ಪರದೆ ಕಾಣದವರಿಗೆ ಟಿವಿಯ ಕಾಮೆಂಟರಿ ಸಾಲದು. ಸ್ಕೋರು ಹೇಗೂ ಪರದೆಯ ಮೇಲಿರುತ್ತದೆಂದು ಅದನ್ನು ಹೇಳುವುದೇ ಅಪರೂಪ, ಚೆಂಡು ಯಾವ ಕಡೆ ಹೋಯಿತೆಂಬುದೂ ಎಷ್ಟೋ ಸಲ ತಿಳಿಯುವುದಿಲ್ಲ. ಆಕಾಶವಾಣಿಯ ವೀಕ್ಷಕ ವಿವರಣೆಯಲ್ಲಿ ಬೌಲರ್ ಯಾವ ತುದಿಯಿಂದ ಬಂದ, ಸ್ಲಿಪ್‌ನಲ್ಲಿ ಎಷ್ಟು ಜನ, ಚೆಂಡು ಕವರ್ಸ್ ದಾಟಿತೇ, ಎಲ್ಲವೂ ಮಾತಿನಲ್ಲೇ ಬರುತ್ತದೆ. ಹಿಂದಿ, ಇಂಗ್ಲಿಷ್ ಸರದಿಯ ಮೇಲೆ ಬರುವುದರಿಂದ ಕನ್ನಡವಷ್ಟೇ ಬಲ್ಲವರಿಗೆ ಮೊದಮೊದಲು ಕಷ್ಟ. ಆದರೆ ಫೀಲ್ಡಿಂಗ್ ಜಾಗಗಳ ಹೆಸರು ಎರಡರಲ್ಲೂ ಒಂದೇ, ಅವು ಕಿವಿಗೆ ಕೂತರೆ ಆಟ ಹಿಡಿತಕ್ಕೆ ಸಿಗುತ್ತದೆ.

ಇದೇ ಧ್ವನಿ ಮೊಬೈಲ್ ಆ್ಯಪ್‌ನಲ್ಲೂ ಸಿಗುತ್ತದೆ, ನಿಜ. ಆದರೆ ಇಂಟರ್ನೆಟ್‌ನಲ್ಲಿ ತಡವಾಗಿ ಬರುತ್ತದೆ, ಬ್ಲೂಟೂತ್ ಇಯರ್‌ಫೋನ್ ಹಾಕಿದರೆ ಇನ್ನಷ್ಟು. ಸ್ಟೇಡಿಯಂನಲ್ಲಿ ಕೂತವರಿಗೆ ಇದು ದೊಡ್ಡ ತೊಡಕು: ಜನ ಹೋ ಎಂದು ಎದ್ದು ಕೂತಾದ ಮೇಲೆ ಕಿವಿಯಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುತ್ತಾನೆ. ರೇಡಿಯೊದಲ್ಲಿ ಅಂತರ ಬಹಳ ಕಡಿಮೆ. ಒಂದು ಕಿವಿಗಷ್ಟೇ ಇಯರ್‌ಫೋನ್ ಹಾಕಿ, ಇನ್ನೊಂದನ್ನು ಮೈದಾನಕ್ಕೆ ಬಿಡಿ. ವೈರಿನ ಇಯರ್‌ಫೋನೇ ಬೇಕು. ಎಷ್ಟೋ ಚಿಕ್ಕ ಸೆಟ್‌ಗಳಲ್ಲಿ ಎಫ್‌ಎಂಗೆ ಆ ವೈರೇ ಆಂಟೆನಾ, ಅದನ್ನು ಸುತ್ತಿ ಜೇಬಿಗೆ ತುರುಕಿದರೆ ಸದ್ದು ಒಡೆಯುತ್ತದೆ.

ಮೀಡಿಯಂ ವೇವ್‌ಗೆ ಆಂಟೆನಾ ಒಳಗಿರುವ ಫೆರೈಟ್ ಕಡ್ಡಿ, ಅಂದರೆ ತಂತಿ ಸುತ್ತಿದ ಕಾಂತಗುಣದ ಕಡ್ಡಿ. ಅದಕ್ಕೆ ದಿಕ್ಕು ಮುಖ್ಯ. ಕಡ್ಡಿಯ ತುದಿ ಕೇಂದ್ರದ ಕಡೆ ತಿರುಗಿದಾಗ ಧ್ವನಿ ಕುಗ್ಗುತ್ತದೆ, ಅಡ್ಡ ನಿಂತಾಗ ಜೋರಾಗುತ್ತದೆ. ಸೆಟ್ಟನ್ನು ಮಟ್ಟಸವಾಗಿ ಹಿಡಿದು ನಿಧಾನವಾಗಿ ಅರ್ಧ ಸುತ್ತು ತಿರುಗಿಸಿ, ಜೋರಾದಲ್ಲಿ ನಿಲ್ಲಿಸಿ. ಮನೆಯಲ್ಲಿ ಗರಗರ ಎಂದರೆ ಎಲ್ಲರೂ ಮೊದಲು ರೇಡಿಯೊವನ್ನೇ ಬೈಯುತ್ತಾರೆ. ಬಹುಪಾಲು ತಪ್ಪು ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಇಂಡಕ್ಷನ್ ಒಲೆಯದು. ಒಂದೊಂದಾಗಿ ಆರಿಸಿ ನೋಡಿ, ರೇಡಿಯೊವನ್ನು ಕಿಟಕಿಯ ಪಕ್ಕ ಇಡಿ. ರಾತ್ರಿ ದೂರದ ಕೇಂದ್ರಗಳು ನುಗ್ಗಿ ಬರುವುದು ಮಾತ್ರ ವಾತಾವರಣದ ಕೆಲಸ, ಅದಕ್ಕೆ ಮದ್ದಿಲ್ಲ.

ಕೊಳ್ಳುವಾಗ ಡಿಜಿಟಲ್ ಡಿಸ್‌ಪ್ಲೇ ಬೇಡ, ತಿರುಗಿಸುವ ಚಕ್ರವಿರಲಿ. ಬೆಂಗಳೂರಿನಲ್ಲಾದರೆ ಮೀಡಿಯಂ ವೇವ್ 612 ಕಿಲೊಹರ್ಟ್ಸ್, ಎಫ್‌ಎಂ ಕಾಮನಬಿಲ್ಲು 101.3 ಮೆಗಾಹರ್ಟ್ಸ್. ಕೇಂದ್ರ ಸಿಕ್ಕ ಕೂಡಲೇ ಚಕ್ರದ ಅಂಚಿಗೂ ಎದುರಿನ ಪ್ಲಾಸ್ಟಿಕ್ಕಿಗೂ ದಪ್ಪ ಉಗುರುಬಣ್ಣದ ಒಂದೊಂದು ಚುಕ್ಕೆ ಇಟ್ಟು ಒಣಗಲು ಬಿಡಿ. ಆಮೇಲೆ ಬೆರಳೇ ಎರಡು ಚುಕ್ಕೆಗಳನ್ನು ಎದುರುಬದುರು ತರುತ್ತದೆ. ಮೀಡಿಯಂ ವೇವ್ ಅನೇಕ ಊರುಗಳಲ್ಲಿ ನಿಂತುಹೋಗಿದೆ, ನಿಮ್ಮಲ್ಲಿ ಇದೆಯೇ ಎಂದು ಮೊದಲು ವಿಚಾರಿಸಿ. ಎಲ್ಲ ಪಂದ್ಯಗಳೂ ಎಲ್ಲ ಕೇಂದ್ರಗಳಲ್ಲೂ ಬರುವುದಿಲ್ಲ, ಸರಣಿ ಶುರುವಾಗುವ ಮುನ್ನ ಅದನ್ನೂ ಕೇಳಿಕೊಳ್ಳಿ.

ನಾಲ್ಕು ವರ್ಷದಲ್ಲಿ ಕೈಕೊಟ್ಟಿದ್ದು ಎರಡೇ. ಧೂಳು ಕೂತು ವಾಲ್ಯೂಮ್ ಚಕ್ರ ಕರಕರ ಎನ್ನತೊಡಗಿತು. ಎರಡು ಹನಿ ಕಾಂಟ್ಯಾಕ್ಟ್ ಕ್ಲೀನರ್ (ವಿದ್ಯುತ್ ಭಾಗಗಳನ್ನು ಶುಚಿಮಾಡುವ ದ್ರವ) ಬಿಟ್ಟು ಇಪ್ಪತ್ತು ಸಲ ಆಚೀಚೆ ತಿರುಗಿಸಿದರೆ ಸರಿಹೋಗುತ್ತದೆ. ಸೆಲ್ ಸೋರಿ ಸ್ಪ್ರಿಂಗು ಹಸಿರುಗಟ್ಟಿತು; ಅದನ್ನು ವಿನೆಗರ್ ಅದ್ದಿದ ಹತ್ತಿಯಿಂದ ಒರೆಸಿ, ಪೂರ್ತಿ ಒಣಗಿಸಬೇಕಾಯಿತು. ಸರಣಿ ಮುಗಿದ ದಿನವೇ ಎರಡೂ ಸೆಲ್ ತೆಗೆದಿಡಿ.