ಡ್ರೈವರ್‌ಗಳ ಮೆಡಿಕಲ್: ಕಡಿಮೆ ಫೀಸು, ಪೂರ್ತಿ ಪರೀಕ್ಷೆ

ಹೆವಿ ಲೈಸೆನ್ಸ್ ರಿನ್ಯೂವಲ್ ಹತ್ತಿರ ಬಂತೆಂದರೆ ನಮ್ಮ ಡ್ರೈವರ್‌ಗಳು ಒಬ್ಬರನ್ನೊಬ್ಬರು ಕೇಳುವ ಮೊದಲ ಮಾತು, "ಮೆಡಿಕಲ್ ಎಲ್ಲಿ ಕಡಿಮೆಗೆ ಮಾಡಿಕೊಡ್ತಾರೆ?" ಕೇಳಲೇಬೇಕಾದ ಮಾತೇ. ಆ ದಿನದ ದುಡಿಮೆ ಹೋಗುತ್ತದೆ, ಲೈಸೆನ್ಸಿನ ಫೀಸು ಬೇರೆ, ಫೋಟೊ ಫಾರಂ ಅಂತ ಓಡಾಟ ಬೇರೆ. ಅದರ ಮೇಲೆ ಡಾಕ್ಟರಿಗೂ ದೊಡ್ಡ ಮೊತ್ತ ತೆರಬೇಕೆಂದರೆ ಕಷ್ಟವೇ. ಈ ಸಲ ನಾನು ಹೋದದ್ದು ಡ್ರೈವರ್‌ಗಳ ಮೆಡಿಕಲ್ ಒಂದನ್ನೇ ಮಾಡುವ ಸಣ್ಣ ಕ್ಲಿನಿಕ್ಕಿಗೆ. ಒಬ್ಬರು ಡಾಕ್ಟರಮ್ಮ, ಒಬ್ಬ ನರ್ಸು, ಎರಡು ಕೋಣೆ. ಫೀಸು ದೊಡ್ಡ ಆಸ್ಪತ್ರೆಯ ಪ್ಯಾಕೇಜಿನ ಅರ್ಧಕ್ಕಿಂತ ಕಡಿಮೆ. ಆದರೆ ಇಷ್ಟು ವರ್ಷದಲ್ಲಿ ನನ್ನನ್ನು ಇಷ್ಟು ಗಮನ ಕೊಟ್ಟು ನೋಡಿದ ಡಾಕ್ಟರು ಇನ್ನೊಬ್ಬರಿಲ್ಲ.

ಕಡಿಮೆ ಫೀಸು ಹೇಗೆ ಸಾಧ್ಯ ಎಂಬುದು ಅಲ್ಲಿ ಕೂತು ನೋಡಿದಾಗ ತಿಳಿಯಿತು. ದೊಡ್ಡ ಕಡೆಗಳಲ್ಲಿ ಡ್ರೈವರ್ ಚೆಕಪ್ ಎಂಬ ಹೆಸರಿನಲ್ಲಿ ರಕ್ತದ ಹತ್ತಾರು ಟೆಸ್ಟು, ಎಕ್ಸ್‌ರೇ, ಸ್ಕ್ಯಾನಿಂಗ್ ಎಲ್ಲ ಸೇರಿಸಿ ಬಿಲ್ಲು ಮಾಡುತ್ತಾರೆ. ಫಾರಂ ಬಿಡಿಸಿ ಓದಿದರೆ ಅದರಲ್ಲಿ ಬಹಳಷ್ಟನ್ನು ಯಾರೂ ಕೇಳಿರುವುದಿಲ್ಲ. ಫಾರಂ ಕೇಳುವುದು ಕಣ್ಣು, ಕಿವಿ, ಬಿಪಿ, ಹೃದಯ, ಶುಗರು, ಫಿಟ್ಸ್, ಕೈಕಾಲಿನ ಬಲ, ನಿದ್ದೆ, ತೆಗೆದುಕೊಳ್ಳುವ ಮಾತ್ರೆ, ಕುಡಿತ. ಇದಕ್ಕೆಲ್ಲ ಬೇಕಾದದ್ದು ಗೋಡೆಯ ಮೇಲೊಂದು ಚಾರ್ಟು, ಒಂದು ಬಿಪಿ ಮಿಷನ್ನು, ಸ್ಟೆತಸ್ಕೋಪು, ಮೂತ್ರಕ್ಕೆ ಅದ್ದುವ ಪಟ್ಟಿ, ಮತ್ತೆ ಡಾಕ್ಟರಿಗೆ ಅರ್ಧ ಗಂಟೆ ಪುರುಸೊತ್ತು. ಈ ಕ್ಲಿನಿಕ್ಕಿನವರು ಬೇಡದ ಟೆಸ್ಟುಗಳನ್ನು ಬಿಟ್ಟಿದ್ದಾರೆ, ಪುರುಸೊತ್ತನ್ನು ಬಿಟ್ಟಿಲ್ಲ.

ಇನ್ನೊಂದು ರೀತಿಯ ಅಗ್ಗವೂ ಇದೆ, ಅದನ್ನೂ ಹೇಳಬೇಕು. ಹಿಂದೆ ಬೇರೊಂದು ಕಡೆ ಸರ್ಟಿಫಿಕೇಟ್ ಮಾಡಿಸಿದಾಗ ಡಾಕ್ಟರ ಮುಖ ಕಾಣುವ ಮೊದಲೇ ಫಾರಮ್ಮಿಗೆ ಸೀಲು ಬಿದ್ದಿತ್ತು. ಕಣ್ಣಿನ ಕಾಲಮ್ಮಿನಲ್ಲಿ ಕನ್ನಡಕವಿಲ್ಲದೆ 6/6, ಅಂದರೆ ದೂರದ ನೋಟ ಪೂರ್ತಿ ಸರಿ, ಎಂದು ಬರೆದಿದ್ದರು. ನನ್ನ ಮೂಗಿನ ಮೇಲೆ ಆಗಲೂ ಕನ್ನಡಕವಿತ್ತು. ಲೈಸೆನ್ಸ್ ಕಚೇರಿಯ ಕೌಂಟರಿನಲ್ಲಿದ್ದವರು ಒಮ್ಮೆ ಫಾರಂ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು, ಹಾಗೇ ವಾಪಸ್ ಕೊಟ್ಟರು. ಮತ್ತೆ ಫೀಸು, ಮತ್ತೆ ಒಂದು ದಿನದ ದುಡಿಮೆ. ಎರಡು ಸಲ ಕೊಟ್ಟ ಕಡಿಮೆ ಫೀಸು ಕಡಿಮೆಯಾಗಿ ಉಳಿಯಲಿಲ್ಲ.

ಈ ಕ್ಲಿನಿಕ್ಕಿನಲ್ಲಿ ಶುರುವಾಗುವುದೇ ಕಣ್ಣಿನಿಂದ. ನೆಲದ ಮೇಲೆ ಹಳದಿ ಟೇಪಿನ ಗೆರೆ ಹಾಕಿದ್ದಾರೆ, ಅಲ್ಲಿಂದ ಚಾರ್ಟಿಗೆ ಅಳೆದು ಇಟ್ಟ 6 ಮೀಟರ್. ಈ ಅಕ್ಷರದ ಚಾರ್ಟನ್ನು ನೆದರ್ಲೆಂಡ್ಸಿನ ಕಣ್ಣಿನ ಡಾಕ್ಟರ್ ಹರ್ಮನ್ ಸ್ನೆಲೆನ್ 1862ರಲ್ಲಿ ರೂಪಿಸಿದ್ದು. 6/12 ಎಂದರೆ ಒಳ್ಳೆಯ ಕಣ್ಣು 12 ಮೀಟರ್ ದೂರದಿಂದ ಓದುವ ಅಕ್ಷರವನ್ನು ನೀವು 6 ಮೀಟರಿಗೆ ಬಂದು ಓದುತ್ತಿದ್ದೀರಿ ಎಂದರ್ಥ. ದೂರ ಸರಿಯಾಗಿಲ್ಲದಿದ್ದರೆ ಆ ಲೆಕ್ಕಕ್ಕೆ ಬೆಲೆಯೇ ಇಲ್ಲ. ಆದ್ದರಿಂದ ನಾನು ಆ ಹಳದಿ ಗೆರೆಗೆ ಮೊದಲ ಮಾರ್ಕು ಕೊಡುತ್ತೇನೆ. ಕಣ್ಣು ಮುಚ್ಚಲು ಅಂಗೈ ಇಟ್ಟರೆ ಡಾಕ್ಟರಮ್ಮ ಒಪ್ಪಲಿಲ್ಲ. ಬೆರಳಿನ ಸಂದಿಯಲ್ಲಿ ಇಣುಕುತ್ತಾರೆ, ಇಲ್ಲವೇ ಗಟ್ಟಿಯಾಗಿ ಒತ್ತಿಕೊಂಡು ಆಮೇಲೆ ಆ ಕಣ್ಣು ಮಂಜಾಗಿದೆ ಅನ್ನುತ್ತಾರೆ ಎಂದು ಒಂದು ರಟ್ಟಿನ ತುಂಡು ಕೊಟ್ಟರು. ಮೊದಲು ಕನ್ನಡಕವಿಲ್ಲದೆ ಒಂದೊಂದೇ ಕಣ್ಣು, ಆಮೇಲೆ ಹಾಕಿಕೊಂಡು. ಎರಡನ್ನೂ ಬೇರೆ ಬೇರೆ ಬರೆದರು.

ಆಮೇಲೆ ಅವರು ಮಾಡಿದ ಪರೀಕ್ಷೆಗೆ ಬಿಡಿಗಾಸಿನ ಖರ್ಚಿಲ್ಲ, ಆದರೆ ಬಹಳ ಕಡೆ ಬಿಟ್ಟುಬಿಡುವುದು ಅದನ್ನೇ. ನನ್ನ ಎದುರಿಗೆ ಕುರ್ಚಿ ಎಳೆದುಕೊಂಡು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. "ನನ್ನ ಮೂಗು ಮಾತ್ರ ನೋಡ್ತಿರಿ" ಎಂದು ಹೇಳಿ, ನನ್ನ ಒಂದು ಕಣ್ಣು ಮುಚ್ಚಿಸಿ, ಪಕ್ಕದಿಂದ, ಮೇಲಿನಿಂದ, ಕೆಳಗಿನಿಂದ ಬೆರಳು ಆಡಿಸುತ್ತಾ ಒಳಗೆ ತಂದರು. ಬೆರಳು ಕಂಡ ಕೂಡಲೇ ಹೇಳಬೇಕು. ಚಾರ್ಟಿನ ಕೊನೆಯ ಸಾಲು ಸರಾಗವಾಗಿ ಓದುವವರಿಗೂ ಪಕ್ಕದ ನೋಟ ಕಡಿಮೆಯಾಗಿರಬಹುದು. ಗ್ಲುಕೋಮಾ ಎಂಬ ಕಣ್ಣಿನ ರೋಗ ಸಾಮಾನ್ಯವಾಗಿ ಅಂಚಿನ ನೋಟವನ್ನು ನಿಧಾನಕ್ಕೆ ತಿನ್ನುತ್ತಾ ಬರುತ್ತದೆ, ನೋವಿಲ್ಲ, ಕೆಂಪಿಲ್ಲ, ಇದ್ದವರಿಗೇ ಗೊತ್ತಾಗುವುದಿಲ್ಲ.

ಈ ಕ್ಲಿನಿಕ್ಕಿನ ದಾರಿ ತೋರಿಸಿದ್ದು ನಮ್ಮಲ್ಲಿ ಬಸ್ ಓಡಿಸುವ ಒಬ್ಬ ಹಿರಿಯಣ್ಣ. ಅವರಿಗೆ ಸಿಕ್ಕಿಬಿದ್ದದ್ದು ಇದೇ ಬೆರಳಿನ ಪರೀಕ್ಷೆಯಲ್ಲಿ. ಎಡಗಣ್ಣಿನ ಹೊರಬದಿಯಿಂದ ಬಂದ ಬೆರಳು ಬಹಳ ಒಳಗೆ ಬರುವವರೆಗೂ ಕಾಣಲಿಲ್ಲವಂತೆ. ಡಾಕ್ಟರಮ್ಮ ಸರ್ಟಿಫಿಕೇಟ್ ತಡೆಹಿಡಿದು ಕಣ್ಣಿನ ತಜ್ಞರಿಗೆ ಚೀಟಿ ಬರೆದರು. ಅಣ್ಣನಿಗೆ ಆವತ್ತು ಬಂದ ಸಿಟ್ಟು ಅಷ್ಟಿಷ್ಟಲ್ಲ. ತಜ್ಞರ ಹತ್ತಿರ ಮಿಷನ್ನಿನಲ್ಲಿ ಸುತ್ತಲಿನ ನೋಟ ಅಳೆಯುವ ಫೀಲ್ಡ್ ಟೆಸ್ಟ್ ಆಯಿತು, ಗ್ಲುಕೋಮಾ ಶುರುವಾಗಿತ್ತು, ಡ್ರಾಪ್ಸ್ ಕೊಟ್ಟರು. ಎರಡೂ ಕಣ್ಣು ಸೇರಿಸಿ ನೋಡಿದಾಗ ನೋಟ ಇನ್ನೂ ನಿಯಮದ ಮಿತಿಯೊಳಗಿದೆ ಎಂದು ವರದಿ ಬಂತು, ಸರ್ಟಿಫಿಕೇಟೂ ಸಿಕ್ಕಿತು. ಈಗಲೂ ಅವರು ಬಸ್ ಓಡಿಸುತ್ತಿದ್ದಾರೆ, ರಾತ್ರಿ ತಪ್ಪದೆ ಡ್ರಾಪ್ಸ್ ಹಾಕಿಕೊಳ್ಳುತ್ತಾರೆ. ಗ್ಲುಕೋಮಾದಲ್ಲಿ ಹೋದ ನೋಟ ವಾಪಸ್ ಬರುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದು ಅಷ್ಟೇ. ಯಾರೋ ಕೂತಲ್ಲೇ ಸೀಲು ಹೊಡೆದು ಕಳಿಸಿದ್ದರೆ ಆ ಅಣ್ಣನ ಕಣ್ಣಿನ ಗತಿ, ಅವರ ಹಿಂದೆ ಕೂತ ಪ್ಯಾಸೆಂಜರುಗಳ ಗತಿ ಏನಾಗುತ್ತಿತ್ತೋ.

ಬಣ್ಣದ ಪರೀಕ್ಷೆ ಬೇಗ ಮುಗಿಯಿತು. ಚುಕ್ಕಿಗಳ ನಡುವೆ ಅಂಕಿ ಹುಡುಕುವ ಇಶಿಹಾರ ಪುಸ್ತಕ, ಜಪಾನಿನ ಶಿನೋಬು ಇಶಿಹಾರ 1917ರಲ್ಲಿ ಪ್ರಕಟಿಸಿದ್ದು. ಅದರಲ್ಲಿ ಒಂದೆರಡು ಪುಟ ತಪ್ಪಿದರೆ ಕೆಲಸ ಹೋಯಿತು ಎಂದು ಹೆದರುವವರಿದ್ದಾರೆ. ಕೆಲವು ಕಡೆ ನಿಯಮ ಕೇಳುವುದು ಸಿಗ್ನಲ್ಲಿನ ಕೆಂಪು, ಹಸಿರು, ಹಳದಿಯನ್ನು ಗುರುತಿಸುತ್ತೀರಾ ಎಂಬುದನ್ನು ಮಾತ್ರ. ಪುಸ್ತಕದಲ್ಲಿ ತಡವರಿಸಿದವರು ದೀಪ ತೋರಿಸಿ ಮತ್ತೆ ನೋಡಿ ಎಂದು ಕೇಳಿಕೊಳ್ಳಬೇಕು.

ಬಿಪಿ ವಿಷಯಕ್ಕೆ ಬರೋಣ, ಡ್ರೈವರ್‌ಗಳು ಹೆಚ್ಚಾಗಿ ಎಡವುವುದು ಇಲ್ಲೇ. ರಾತ್ರಿಯೆಲ್ಲ ಓಡಿಸಿ, ಗಾಡಿ ನಿಲ್ಲಿಸಿದವರೇ ನೇರ ಕ್ಲಿನಿಕ್ಕಿಗೆ ನುಗ್ಗಿ, ಒಂದು ಕಾಫಿ, ಒಂದು ಸಿಗರೇಟು ಮುಗಿಸಿ ಕೈ ಚಾಚಿದರೆ ಬಿಪಿ ಏರದೆ ಏನು ಮಾಡೀತು? ನನಗೆ ಮೊದಲು ಬಂದದ್ದು 158/96. ಡಾಕ್ಟರಮ್ಮ ಅದನ್ನು ಪೆನ್ಸಿಲ್ಲಿನಲ್ಲಿ ಬರೆದುಕೊಂಡು ಸುಮ್ಮನಾದರು. ಶೌಚಾಲಯಕ್ಕೆ ಹೋಗಿ ಬನ್ನಿ ಎಂದರು. ಬಂದ ಮೇಲೆ ಬೆನ್ನಿಗೆ ಒರಗು ಇರುವ ಕುರ್ಚಿ, ಪಾದ ಎರಡೂ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ, ತೋಳು ಮೇಜಿನ ಮೇಲೆ ಎದೆಯ ಮಟ್ಟಕ್ಕೆ. ಐದು ನಿಮಿಷ ಮಾತಿಲ್ಲ, ಮೊಬೈಲೂ ಇಲ್ಲ. ತೋಳಿಗೆ ಸುತ್ತುವ ಪಟ್ಟಿಯನ್ನೂ ಬದಲಾಯಿಸಿದರು. ಸ್ಟೇರಿಂಗ್ ತಿರುಗಿಸಿ ದಪ್ಪಗಾದ ತೋಳಿಗೆ ಸಾಮಾನ್ಯ ಅಳತೆಯ ಪಟ್ಟಿ ಬಿಗಿಯಾದರೆ ಬಿಪಿ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆಯಂತೆ. ಈ ಸಲ ಬಂದದ್ದು 138/86. ಇದರಲ್ಲಿ ಮೋಸವೇನಿಲ್ಲ, ಬಿಪಿ ನೋಡಬೇಕಾದ ಕ್ರಮವೇ ಇದು. ಬ್ರಿಟನ್ನಿನಲ್ಲಿ ಲಾರಿ, ಬಸ್ ಓಡಿಸುವವರ ಬಿಪಿಯ ಮೇಲಿನ ಅಂಕಿ 180 ಅಥವಾ ಕೆಳಗಿನ ಅಂಕಿ 100 ಮತ್ತೆ ಮತ್ತೆ ಮುಟ್ಟಿದರೆ ಸ್ಟೇರಿಂಗ್ ಹಿಡಿಯುವಂತಿಲ್ಲ. ಅಮೆರಿಕದಲ್ಲಿ 140/90ರ ಒಳಗಿದ್ದರೆ ಎರಡು ವರ್ಷದ ಸರ್ಟಿಫಿಕೇಟ್ ಸಿಗುತ್ತದೆ, ಮೇಲೆ ಹೋದರೆ ಅವಧಿ ಕಡಿಮೆಯಾಗುತ್ತದೆ. ಅಂದರೆ ಅವಸರದಲ್ಲಿ ನೋಡಿದ ಒಂದು ಬಿಪಿಯಿಂದಾಗಿ ಮತ್ತೆ ಬೇಗನೆ ಮೆಡಿಕಲ್‌ಗೆ ಬಂದು ಫೀಸು ಕಟ್ಟಬೇಕಾಗಬಹುದು. ಎರಡನೇ ಸಲ ನೋಡಿದ್ದಕ್ಕೆ ಇವರು ಬೇರೆ ಹಣ ಕೇಳಲಿಲ್ಲ. ಹಾಗೆಂದು ಬಿಪಿ ಮಾತ್ರೆ ತಿನ್ನುವವರು ಆ ದಿನ ಬೆಳಗಿನ ಮಾತ್ರೆ ಬಿಟ್ಟು ಬರಬೇಡಿ. ಖಾಲಿ ಹೊಟ್ಟೆಯಲ್ಲಿ ಬರಬೇಕೇನೋ ಎಂದುಕೊಂಡು ಹಾಗೆ ಮಾಡುವವರು ಬಹಳ ಮಂದಿ ಇದ್ದಾರೆ.

ಮೂತ್ರದ ಪಟ್ಟಿ ನೋಡಿ ಡ್ರಗ್ ಟೆಸ್ಟ್ ಎಂದು ಗಾಬರಿಯಾಗುವುದು ಬೇಡ. ಅದರಲ್ಲಿ ಕಾಣುವುದು ಸಕ್ಕರೆ, ಪ್ರೋಟೀನ್, ರಕ್ತದ ಅಂಶ, ಇಂಥವು. ಒಂದು ವಿಷಯ ಮಾತ್ರ ಶುಗರು ಇರುವವರು ತಿಳಿದಿರಬೇಕು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆಗಳು ಕೆಲಸ ಮಾಡುವುದೇ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕಿ. ಅದನ್ನು ತಿನ್ನುವವರ ಪಟ್ಟಿ ರಕ್ತದ ಶುಗರು ಹತೋಟಿಯಲ್ಲಿದ್ದರೂ ಬಣ್ಣ ತಿರುಗುತ್ತದೆ. ಮಾತ್ರೆಯ ಹಾಳೆಯನ್ನು, ಇತ್ತೀಚಿನ ಶುಗರು ವರದಿಯನ್ನು ತೋರಿಸಿದರೆ ಡಾಕ್ಟರಿಗೆ ಅಲ್ಲೇ ಅರ್ಥವಾಗುತ್ತದೆ, ಇಲ್ಲದಿದ್ದರೆ ಲ್ಯಾಬಿಗೆ ಅಲೆಯಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಗ್ಲೂಕೋಮೀಟರನ್ನೇ ಜೊತೆಗೆ ಒಯ್ಯುವುದು ಒಳ್ಳೆಯದು, ಹಿಂದಿನ ವಾರಗಳ ಲೆಕ್ಕ ಅದರಲ್ಲೇ ಇರುತ್ತದೆ. ಓಡಿಸುವಾಗ ಶುಗರು ತೀರಾ ಇಳಿಯುವುದೇ ಅವರಿಗೆ ದೊಡ್ಡ ಅಪಾಯ. ಡಾಕ್ಟರು ಹುಡುಕುವುದೂ ಅದನ್ನೇ.

ನಿದ್ದೆಯ ಪ್ರಶ್ನೆಗಳಿಗೆ ಡ್ರೈವರ್‌ಗಳು ನಿಜ ಹೇಳುವುದಿಲ್ಲ. ನನಗೆ ಬೇಸರವಾಗುವುದು ಇದೇ. ಎಪ್‌ವರ್ತ್ ಎಂಬ ಎಂಟು ಪ್ರಶ್ನೆಗಳ ಪಟ್ಟಿ ಕೊಡುತ್ತಾರೆ, ಆಸ್ಟ್ರೇಲಿಯಾದ ಮರ್ರೆ ಜಾನ್ಸ್ 1991ರಲ್ಲಿ ಪ್ರಕಟಿಸಿದ್ದು. ಕೂತು ಓದುವಾಗ, ಟಿವಿ ನೋಡುವಾಗ, ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗ ತೂಕಡಿಕೆ ಬರುತ್ತದೆಯೇ ಎಂದು ಕೇಳಿ ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕ. ಒಟ್ಟು 24ರಲ್ಲಿ 10 ದಾಟಿದರೆ ವಿಚಾರಿಸಬೇಕು. ನಮ್ಮವರು ಕಣ್ಣು ಮುಚ್ಚಿಕೊಂಡು ಎಲ್ಲಕ್ಕೂ ಸೊನ್ನೆ ಹಾಕುತ್ತಾರೆ. ಡಾಕ್ಟರಮ್ಮ ಕಾಗದ ಪಕ್ಕಕ್ಕಿಟ್ಟು, "ಗೊರಕೆ ಹೊಡೀತೀರಾ? ಮನೆಯವರು ಏನಂತಾರೆ? ಗೊರಕೆ ನಡುವೆ ಉಸಿರು ನಿಂತ ಹಾಗಾಗುತ್ತೆ ಅಂತ ಯಾವತ್ತಾದರೂ ಹೇಳಿದಾರಾ?" ಎಂದು ಕೇಳಿದರು. ಕುತ್ತಿಗೆಯ ಸುತ್ತಳತೆ ತೆಗೆದರು. ನಿದ್ದೆಯಲ್ಲಿ ಹೀಗೆ ಉಸಿರು ನಿಂತು ನಿಂತು ಬರುವ ಸ್ಲೀಪ್ ಅಪ್ನಿಯಾ ಇದ್ದವರಿಗೆ ರಾತ್ರಿ ಎಷ್ಟು ಮಲಗಿದರೂ ಹಗಲು ಕಣ್ಣು ಎಳೆಯುತ್ತದೆ. ಅದಕ್ಕೆ ಚಿಕಿತ್ಸೆ ಇದೆ, ಮೂಗಿಗೆ ಗಾಳಿ ಕೊಡುವ ಸಿಪ್ಯಾಪ್ ಮಿಷನ್ನು ಹಾಕಿಕೊಂಡು ಮಲಗಿ ಹತೋಟಿಗೆ ಬಂದವರಿಗೆ ಲೈಸೆನ್ಸ್ ಸಿಗುತ್ತದೆ. ಮುಚ್ಚಿಟ್ಟರೆ ನಡುರಾತ್ರಿಯ ನೇರ ರಸ್ತೆಯಲ್ಲಿ ಕಣ್ಣು ಮುಚ್ಚುತ್ತದೆ. ಎದುರಿನ ಗಾಡಿಯಲ್ಲಿ ಯಾರ ಮನೆಯ ಮಕ್ಕಳು ಇರುತ್ತಾರೋ. ನೆಗಡಿ ಮಾತ್ರೆಯನ್ನೂ ಕೇಳಿದರು. ಹಳೆಯ ಕಾಲದ ಕ್ಲೋರ್‌ಫೆನಿರಮೈನ್ ತರಹದವು ನಿದ್ದೆ ತರಿಸುತ್ತವೆ, ಅಂಗಡಿಯಲ್ಲಿ ಕೊಂಡದ್ದಾದರೂ ಹೇಳಬೇಕು.

ಕಿವಿ, ಎದೆ, ಕೈಕಾಲು ಎಲ್ಲ ನೋಡಿದರು, ಅದರಲ್ಲಿ ಹೇಳುವಂಥದ್ದೇನಿಲ್ಲ.

ದುಡ್ಡು ಕಟ್ಟುವ ಮೊದಲು ನೋಡಿಕೊಳ್ಳಬೇಕಾದ್ದು, ಯಾರ ಸಹಿ ನಡೆಯುತ್ತದೆ ಎಂಬುದು. ಭಾರತದಲ್ಲಿ ಲೈಸೆನ್ಸಿನ ಮೆಡಿಕಲ್ ಸರ್ಟಿಫಿಕೇಟ್ ಆದ ಫಾರಂ 1ಎಗೆ ನೋಂದಾಯಿತ ವೈದ್ಯರ ಸಹಿ ಬೇಕು. ಬ್ರಿಟನ್ನಿನಲ್ಲಿ ಲಾರಿ, ಬಸ್ ಡ್ರೈವರ್‌ಗಳ ಮೆಡಿಕಲ್‌ಗೆ ಇರುವ ಡಿ4 ಫಾರಮ್ಮಿನಲ್ಲಿ ಕಣ್ಣಿನ ಭಾಗವನ್ನು ಕನ್ನಡಕಕ್ಕಾಗಿ ಕಣ್ಣು ಪರೀಕ್ಷಿಸುವವರೂ ತುಂಬಬಹುದು. ಅಲ್ಲಿ 45 ದಾಟಿದವರಿಗೆ 5 ವರ್ಷಕ್ಕೊಮ್ಮೆ, 65ರಿಂದ ವರ್ಷಕ್ಕೊಮ್ಮೆ ಮೆಡಿಕಲ್. ಅಮೆರಿಕದಲ್ಲಿ 2014ರಿಂದ ರಾಷ್ಟ್ರೀಯ ಪಟ್ಟಿಯಲ್ಲಿ ಹೆಸರಿರುವವರೇ ಸಹಿ ಹಾಕಬೇಕು, ಎಷ್ಟೇ ಒಳ್ಳೆಯ ಡಾಕ್ಟರಾದರೂ ಪಟ್ಟಿಯಲ್ಲಿ ಇಲ್ಲದಿದ್ದರೆ ಆ ಕಾಗದ ನಡೆಯುವುದಿಲ್ಲ. ಈ ಕ್ಲಿನಿಕ್ಕಿನಲ್ಲಿ ಡಾಕ್ಟರಮ್ಮನ ನೋಂದಣಿ ಸಂಖ್ಯೆಯನ್ನು ಬಾಗಿಲಲ್ಲೇ ಬರೆದು ಹಾಕಿದ್ದಾರೆ, ಫಾರಮ್ಮಿನ ಮೇಲೂ ಅದೇ ಸಂಖ್ಯೆ ಇದೆಯೇ ಎಂದು ನಾನು ತಾಳೆ ನೋಡಿದೆ.

ಕೊರತೆಗಳೂ ಇವೆ. ಬೆಳಗ್ಗೆ ಮಾತ್ರ ತೆರೆದಿರುತ್ತದೆ, ರಾತ್ರಿ ಪಾಳಿ ಮುಗಿಸಿ ಬರುವವರಿಗೆ ಅದು ಕೆಟ್ಟ ಹೊತ್ತು. ಸಂಜೆ ಎರಡು ಗಂಟೆ ತೆರೆದರೆ ಮಲಗೆದ್ದು ಬರಬಹುದಿತ್ತು, ಬಿಪಿಯೂ ನೆಟ್ಟಗೆ ಇರುತ್ತಿತ್ತು. ಫೋನು ಹತ್ತಿದರೆ ಪುಣ್ಯ. ಡಾಕ್ಟರಮ್ಮನ ಅಕ್ಷರದಲ್ಲಿ 1 ಯಾವುದು 7 ಯಾವುದು ತಿಳಿಯುವುದಿಲ್ಲ. ನಾನು ಹೇಳಿದ ಮೇಲೆ ಕಣ್ಣಿನ ಅಂಕಿಗಳನ್ನು ಮತ್ತೆ ಬಿಡಿಸಿ ಬರೆದು ಪಕ್ಕದಲ್ಲಿ ಸಹಿ ಹಾಕಿದರು. ನೀವೂ ಹೊರಡುವ ಮೊದಲು ಒಂದೊಂದು ಕಾಲಮ್ಮನ್ನೂ ಓದಿ, ಖಾಲಿ ಬಿಟ್ಟದ್ದಿದ್ದರೆ ಅಲ್ಲೇ ತುಂಬಿಸಿಕೊಳ್ಳಿ, ಮೊಬೈಲಿನಲ್ಲಿ ಫೋಟೊ ಹೊಡೆದಿಟ್ಟುಕೊಳ್ಳಿ.

ಎಲ್ಲೇ ಮಾಡಿಸಿದರೂ ಹೆಸರು ಬರೆಸುವಾಗಲೇ ಕೇಳಿ: ಬಿಪಿ ಮತ್ತೆ ನೋಡಿದರೆ ಬೇರೆ ಹಣವೇ? ಕಣ್ಣಿನ ಪರೀಕ್ಷೆ ಫೀಸಿನಲ್ಲೇ ಸೇರಿದೆಯೇ? ತಜ್ಞರ ವರದಿ ಬೇಕೆಂದು ಸರ್ಟಿಫಿಕೇಟ್ ತಡೆದರೆ ಮುಂದೆ ಹೇಗೆ? ಈ ಕ್ಲಿನಿಕ್ಕಿನಲ್ಲಿ ನರ್ಸು ಕೊಟ್ಟ ಉತ್ತರ ಹೀಗಿತ್ತು: ಕಟ್ಟಿದ ಫೀಸು ವಾಪಸ್ ಇಲ್ಲ, ಆದರೆ ವರದಿ ತಂದ ದಿನ ಮತ್ತೆ ನೋಡುವುದಕ್ಕೂ ಸಹಿಗೂ ಏನೂ ಕೊಡಬೇಕಾಗಿಲ್ಲ. ಆ ಬಸ್ಸಿನಣ್ಣನ ಹತ್ತಿರವೂ ಎರಡನೇ ಸಲ ಹಣ ತೆಗೆದುಕೊಂಡಿರಲಿಲ್ಲ.